ಅಪ್ಲಿಕೇಶನ್ ವಿಳಂಬದ ಜಾಡು ಹಿಡಿಯುವ ಕ್ಲೈಂಟ್ ಲೈಬ್ರರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಕುಳಿತು ಕಾಫಿ ಬೆಳೆಗಾರರಿಗೂ ವ್ಯಾಪಾರಿಗಳಿಗೂ ತೂಕ, ರಸೀದಿ, ಪಾವತಿಗಳ ತಂತ್ರಾಂಶ ಬರೆಯುವ ಚಿಕ್ಕ ತಂಡ ನಮ್ಮದು. ಹಾಸನ ಮತ್ತು ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊಸದಾಗಿ ಬಂದು ಸೇರುವವರು ಮೊದಲ ತಿಂಗಳಿನಲ್ಲಿ ಕೇಳುವ ಪ್ರಶ್ನೆಗಳನ್ನೂ, ಬೇರೆ ಊರುಗಳಲ್ಲಿ ಇದೇ ಬಗೆಯ ಕೆಲಸದಲ್ಲಿರುವ ಸ್ನೇಹಿತರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಮಾಡಿ ಉತ್ತರ ಬರೆದಿದ್ದೇವೆ. ಉದಾಹರಣೆಗಳು ನಮ್ಮ ಕೆಲಸದವು. ಲೈಬ್ರರಿ ಮಾತ್ರ, ಅಪ್ಲಿಕೇಶನ್‌ನ ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ, ಯಾರು ಬೇಕಾದರೂ ಬಳಸಬಹುದಾದ ಓಪನ್‌ಟೆಲಿಮೆಟ್ರಿ.

ಲಾಗ್ ಇದೆಯಲ್ಲ, ಮತ್ತೆ ಟ್ರೇಸಿಂಗ್ ಏಕೆ?

ಲಾಗ್ ಎಂಬುದು ಒಂದು ಸರ್ವರ್ ತನ್ನೊಳಗೆ ನಡೆದದ್ದನ್ನು ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ಎಲ್ಲ ಕೆಲಸವೂ ಒಂದೇ ಸರ್ವರ್‌ನಲ್ಲಿ ನಡೆಯುವವರೆಗೆ ಅದು ಸಾಕಾಗುತ್ತದೆ. ಆದರೆ ಬೆಳೆಗಾರರೊಬ್ಬರು ‘ನನ್ನ ಲೆಕ್ಕ’ ಎಂಬ ಗುಂಡಿಯನ್ನು ಒತ್ತಿದಾಗ ಆ ಕೋರಿಕೆ ಲಾಗಿನ್ ಸೇವೆ, ತೂಕದ ಸೇವೆ, ದರದ ಸೇವೆ, ಪಾವತಿ ಸೇವೆ ಎಂದು ನಾಲ್ಕು ಕಡೆ ಹೋಗಿಬರುತ್ತದೆ. ನಾಲ್ಕು ದಿನಚರಿಗಳಲ್ಲೂ ಒಂದೊಂದು ಸಾಲು ಉಳಿಯುತ್ತದೆಯೇ ಹೊರತು, ಅವು ಒಂದೇ ಕೋರಿಕೆಗೆ ಸೇರಿದ ಸಾಲುಗಳೆಂದು ಹೇಳುವ ದಾರವೇ ಇರುವುದಿಲ್ಲ.

ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದಿಂದ ಬಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ತೆಗೆಯದ ಕಾಫಿ) ಚೀಲಗಳಿಗೆ ಲಾರಿಯಿಂದ ಇಳಿಸುವಾಗಲೇ ಲಾಟ್ ನಂಬರ್ ಬೀಳುತ್ತದೆ. ಒಣಗಿಸುವುದು, ಸಿಪ್ಪೆ ತೆಗೆಯುವುದು, ಜರಡಿಯಲ್ಲಿ ಗಾತ್ರ ಬೇರೆ ಮಾಡುವುದು, ಕೊನೆಗೆ ಕಪ್ಪು ಬೀಜ ಆರಿಸುವುದು ಎಂದು ಕಾಫಿ ಎಷ್ಟು ಕೈ ದಾಟಿದರೂ ಆ ನಂಬರ್ ಅದರೊಂದಿಗೇ ಸಾಗುತ್ತದೆ. ಔಟ್‌ಟರ್ನ್, ಅಂದರೆ ಕೊನೆಗೆ ಕೈಗೆ ಸಿಗುವ ಕಾಫಿಯ ಪ್ರಮಾಣ, ಕಡಿಮೆ ಬಂದಾಗ ಯಾವ ಹಂತದಲ್ಲಿ ಎಷ್ಟು ಹೋಯಿತೆಂದು ಹಿಂದಕ್ಕೆ ಹೋಗಿ ನೋಡಲು ಸಾಧ್ಯವಾಗುವುದು ಅದರಿಂದಲೇ. ಟ್ರೇಸಿಂಗ್ ಮಾಡುವುದೂ ಇಷ್ಟೇ. ಕೋರಿಕೆ ಬಾಗಿಲಿಗೆ ಬಂದ ಕೂಡಲೇ ಅದಕ್ಕೊಂದು ಗುರುತು ಕೊಟ್ಟು, ಅದು ಹೋದ ಕಡೆಯಲ್ಲೆಲ್ಲ ಆ ಗುರುತನ್ನೂ ಕಳುಹಿಸಿ, ಪ್ರತಿಯೊಂದು ಹಂತ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಬರೆದಿಡುತ್ತದೆ.

ಟ್ರೇಸ್ ಯಾವುದು, ಸ್ಪ್ಯಾನ್ ಯಾವುದು?

ಒಂದು ಕೋರಿಕೆಯ ಇಡೀ ಪಯಣ ಟ್ರೇಸ್. ಆ ಪಯಣದ ಒಂದೊಂದು ಕೆಲಸ ಸ್ಪ್ಯಾನ್. ಸ್ಪ್ಯಾನ್‌ಗೆ ಒಂದು ಹೆಸರು, ಶುರುವಾದ ಸಮಯ, ಮುಗಿದ ಸಮಯ, ತನ್ನನ್ನು ಕರೆದ ತಾಯಿ ಸ್ಪ್ಯಾನ್‌ನ ಗುರುತು, ಮತ್ತು ಕೆಲವು ವಿವರಗಳು ಇರುತ್ತವೆ. ಈ ತಾಯಿ ಮಕ್ಕಳ ಸಂಬಂಧದಿಂದಲೇ ತೆರೆಯ ಮೇಲೆ ಮರದಂಥ ಚಿತ್ರ ಮೂಡುತ್ತದೆ.

ನಿಮಗೆ ಇದರಿಂದ ನಿಜವಾಗಿ ಏನು ಸಿಕ್ಕಿತು?

ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ, ಏಕೆಂದರೆ ಈ ಲೈಬ್ರರಿಯ ಮೇಲೆ ನಮಗೆ ನಂಬಿಕೆ ಹುಟ್ಟಿದ್ದು ಅಂದಿನಿಂದ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ಕಡೆಯ ಖರೀದಿ ಕೇಂದ್ರವೊಂದರಲ್ಲಿ ‘ದಿನದ ಲೆಕ್ಕ’ ಎಂಬ ಪುಟ ತೆರೆಯುವುದಕ್ಕೆ ಏಳು ಸೆಕೆಂಡಿನ ಹತ್ತಿರ ಹಿಡಿಯುತ್ತಿತ್ತು. ಬೆಳಿಗ್ಗೆ ತಕ್ಷಣ ತೆರೆಯುವ ಪುಟ ಸಂಜೆಯಾದಂತೆ ಎಳೆಯುತ್ತಿತ್ತು, ಮತ್ತು ಚೀಲ ಹೊತ್ತು ತಂದ ಪಿಕಪ್ ಗಾಡಿಗಳು ಸಾಲುಗಟ್ಟಿ ನಿಲ್ಲುವ ಹೊತ್ತೂ ಅದೇ ಸಂಜೆ. ತೂಕದ ಮನೆಯಲ್ಲಿ ಕುಳಿತವರು, ‘ಘಟ್ಟದ ನೆಟ್‌ವರ್ಕ್ ಸಾರ್, ಇಲ್ಲಿ ಇಷ್ಟೇ’ ಎಂದು ನಮಗೇ ಸಮಾಧಾನ ಹೇಳುತ್ತಿದ್ದರು. ನಾವೂ ಮೂರು ವಾರ ಅದನ್ನೇ ನಂಬಿದೆವು.

ಆಮೇಲೆ ಲೈಬ್ರರಿ ಸೇರಿಸಿ ಒಂದು ಟ್ರೇಸ್ ತೆರೆದು ನೋಡಿದಾಗ ಮೊದಲು ಕಂಡದ್ದು ನಮ್ಮ ಸರ್ವರ್‌ನ ಮೇಲುಸ್ಪ್ಯಾನ್: 6,700 ಮಿಲಿಸೆಕೆಂಡ್. ಈ ಸ್ಪ್ಯಾನ್ ಶುರುವಾಗುವುದು ಕೋರಿಕೆ ನಮ್ಮ ಸರ್ವರ್ ಮುಟ್ಟಿದ ಮೇಲೆ. ಹಾಗಾಗಿ ಏಳು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ನಮ್ಮ ಮನೆಯೊಳಗೇ ಕಳೆದಿತ್ತು. ಘಟ್ಟದ ನೆಟ್‌ವರ್ಕ್ ನಿರಪರಾಧಿ. ಅದರ ಕೆಳಗೆ ದರದ ಸೇವೆಯ ಸ್ಪ್ಯಾನ್ 40 ಮಿಲಿಸೆಕೆಂಡ್. ಅದರ ಕೆಳಗೆ ಒಂದೇ ಅಳತೆಯ ಪುಟ್ಟ ಪಟ್ಟಿಗಳು ಒಂದರ ಬೆನ್ನಿಗೊಂದು ಮೆಟ್ಟಿಲಿನಂತೆ ಇಳಿದುಹೋಗಿದ್ದವು. ಎಣಿಸಿದರೆ 184. ಒಂದೊಂದೂ ಡೇಟಾಬೇಸ್‌ಗೆ ಕಳುಹಿಸಿದ ಒಂದೊಂದು ಪ್ರಶ್ನೆ, ಒಂದೊಂದಕ್ಕೂ ಸುಮಾರು 35 ಮಿಲಿಸೆಕೆಂಡ್. ಅಂದಿನ ರಸೀದಿಗಳು 184. ಪ್ರತಿ ರಸೀದಿಗೂ ಚೀಲ ತಂದವರ ಹೆಸರನ್ನು ಬೇರೆಬೇರೆಯಾಗಿ ಕೇಳುವ ಲೂಪ್ ಒಂದನ್ನು ನಾವೇ ಬರೆದಿದ್ದೆವು. ದಿನ ಕಳೆದಂತೆ ರಸೀದಿ ಹೆಚ್ಚುತ್ತದೆ, ಪುಟವೂ ಎಳೆಯುತ್ತದೆ. ಎಲ್ಲ ಹೆಸರುಗಳನ್ನೂ ಒಂದೇ ಪ್ರಶ್ನೆಯಲ್ಲಿ ತರಿಸುವಂತೆ ಬದಲಿಸಿದ ಮೇಲೆ ಅದೇ ಪುಟ ಸೆಕೆಂಡಿನ ಕಾಲುಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ತೆರೆಯಿತು.

ಪರೀಕ್ಷೆ ಮಾಡುವಾಗ ಇದು ಕಣ್ಣಿಗೆ ಬೀಳದಿರಲು ಕಾರಣವೂ ಆ ಚಿತ್ರದಲ್ಲೇ ಇತ್ತು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುತ್ತದೆ. ಒಂದು ಪ್ರಶ್ನೆಗೆ ಒಂದು ಮಿಲಿಸೆಕೆಂಡ್ ಎಂದರೂ 184 ಪ್ರಶ್ನೆ ಸೇರಿ ಯಾರಿಗೂ ತಿಳಿಯದಷ್ಟು ಹೊತ್ತು. ನಿಜವಾದ ಡೇಟಾಬೇಸ್ ಇದ್ದದ್ದು ಮುಂಬೈನ ಕ್ಲೌಡ್‌ನಲ್ಲಿ.

ಆ 35 ಮಿಲಿಸೆಕೆಂಡನ್ನೇ ಕಡಿಮೆ ಮಾಡಲು ಆಗುವುದಿಲ್ಲವೇ?

ಒಂದು ಮಟ್ಟದವರೆಗೆ ಮಾತ್ರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ. ನಮ್ಮ ಕಡೆಯ ಹಾಸನದಿಂದ ಮುಂಬೈಗೆ ನೇರ ಗೆರೆ ಎಳೆದರೆ 750 ಕಿಲೋಮೀಟರ್ ಆಸುಪಾಸು, ಹೋಗಿಬರಲು 1,500. ಎಷ್ಟೇ ದುಬಾರಿ ಸಂಪರ್ಕ ತಂದರೂ 7.5 ಮಿಲಿಸೆಕೆಂಡಿಗಿಂತ ಕೆಳಗಿಳಿಯಲು ಸಾಧ್ಯವಿಲ್ಲ, ಮತ್ತು ಕೇಬಲ್ ಎಂದೂ ನೇರ ಗೆರೆಯಲ್ಲಿ ಹೋಗುವುದಿಲ್ಲ. ದಾರಿಯನ್ನು ಗಿಡ್ಡ ಮಾಡಲಾಗದಿದ್ದರೆ ಓಡಾಟವನ್ನು ಕಡಿಮೆ ಮಾಡಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅಲ್ಲಿಗೆ ಸಂಕೇತ ಹೋಗಿ ಮರಳುವುದಕ್ಕೆ ಸೆಕೆಂಡಿನ ಕಾಲುಭಾಗವೇ ಬೇಕು. ಡಿಶ್ ಮೂಲಕ ಇಂಟರ್‌ನೆಟ್ ಪಡೆಯುವ ಒಳನಾಡಿನ ತೋಟಗಳಲ್ಲಿ ಪ್ರತಿ ಪ್ರಶ್ನೆಗೂ ಉತ್ತರಕ್ಕೂ ಈ ಕಾಲುಭಾಗ ಸೇರುತ್ತದೆ. ಯಾವ ವಿಳಂಬ ಪ್ರಕೃತಿಯದು, ಯಾವುದು ನಮ್ಮ ಕೈಯಾರೆ ಮಾಡಿಕೊಂಡದ್ದು ಎಂಬುದನ್ನು ಬೇರ್ಪಡಿಸಿ ತೋರಿಸುವುದು ಟ್ರೇಸ್‌ನ ದೊಡ್ಡ ಉಪಕಾರ.

ಇಷ್ಟೊಂದು ಲೈಬ್ರರಿಗಳಿರುವಾಗ ಓಪನ್‌ಟೆಲಿಮೆಟ್ರಿಯನ್ನೇ ಏಕೆ ಆರಿಸಿಕೊಂಡಿರಿ?

ಗೂಗಲ್ ತನ್ನೊಳಗೆ ಬಳಸುತ್ತಿದ್ದ ಡ್ಯಾಪರ್ ಎಂಬ ಟ್ರೇಸಿಂಗ್ ವ್ಯವಸ್ಥೆಯ ವಿವರಗಳನ್ನು 2010ರಲ್ಲಿ ಪ್ರಕಟಿಸಿತು. ಅದನ್ನು ಓದಿ ಟ್ವಿಟರ್ ಜಿಪ್‌ಕಿನ್ ಕಟ್ಟಿ 2012ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು; ಊಬರ್ ಕಟ್ಟಿದ ಯೇಗರ್ 2017ರಲ್ಲಿ ಬಂತು. ಹೀಗೆ ಒಬ್ಬೊಬ್ಬರದು ಒಂದೊಂದು ಬರುತ್ತಿದ್ದಂತೆ ಸಮಸ್ಯೆಯೂ ಶುರುವಾಯಿತು. ಒಬ್ಬೊಬ್ಬರ ಲೈಬ್ರರಿ ಒಂದೊಂದು ಭಾಷೆ ಮಾತನಾಡುತ್ತಿತ್ತು, ಮತ್ತು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಅಪ್ಲಿಕೇಶನ್‌ನ ಮೂಲೆಮೂಲೆಯಲ್ಲಿ ಬರೆದ ಸಾಲುಗಳನ್ನು ಕಿತ್ತು ಬರೆಯಬೇಕಿತ್ತು. ಇದನ್ನು ಬಗೆಹರಿಸಲು ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು ಹುಟ್ಟಿ, 2019ರಲ್ಲಿ ಅವೆರಡೂ ಕೂಡಿ ಓಪನ್‌ಟೆಲಿಮೆಟ್ರಿಯಾದವು.

ನಮಗೆ ಮುಖ್ಯವಾದದ್ದು ಒಂದೇ ವಿಷಯ. ಅಳೆಯುವ ಕೆಲಸ ಲೈಬ್ರರಿಯದು, ಕೂಡಿಟ್ಟು ತೋರಿಸುವ ಕೆಲಸ ಬೇರೆಯವರದು. ಇಂದು ಯೇಗರ್‌ನಲ್ಲಿ ನೋಡುತ್ತೇವೆ. ನಾಳೆ ಯಾವುದೋ ಕ್ಲೌಡ್ ಸೇವೆಗೆ ಕಳುಹಿಸಬೇಕಾದರೆ ವಿಳಾಸವನ್ನು ಬದಲಿಸಿದರೆ ಸಾಕು, ಅಪ್ಲಿಕೇಶನ್‌ನ ಕೋಡ್ ಮುಟ್ಟಬೇಕಾಗಿಲ್ಲ. ಚಿಕ್ಕ ತಂಡಕ್ಕೆ ಈ ಬಿಡುಗಡೆ ಬಹಳ ದೊಡ್ಡದು.

ಗುರುತು ಒಂದು ಸೇವೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ?

ಎಚ್‌ಟಿಟಿಪಿ ಕೋರಿಕೆಯ ಜೊತೆ ಹೋಗುವ ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್‌ನಲ್ಲಿ, ಅಂದರೆ ಕೋರಿಕೆಗೆ ಅಂಟಿಸಿದ ಚೀಟಿಯಂಥ ಸಾಲಿನಲ್ಲಿ. ಇದರ ರೂಪವನ್ನು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2020ರ ಫೆಬ್ರವರಿಯಲ್ಲಿ ಅಧಿಕೃತ ಶಿಫಾರಸಾಗಿ ಹೊರಡಿಸಿತು. ನಡುವೆ ಅಡ್ಡಗೆರೆ ಇರುವ ನಾಲ್ಕು ಭಾಗಗಳು: ಆವೃತ್ತಿಗೆ 2 ಅಕ್ಷರ, ಟ್ರೇಸ್‌ನ ಗುರುತಿಗೆ 32, ಕರೆಯುತ್ತಿರುವ ಸ್ಪ್ಯಾನ್‌ನ ಗುರುತಿಗೆ 16, ಧ್ವಜಗಳಿಗೆ 2, ಅಡ್ಡಗೆರೆಗಳೂ ಸೇರಿ ಒಟ್ಟು 55 ಅಕ್ಷರ. ಕೊನೆಯ ಭಾಗದಲ್ಲಿ 01 ಇದ್ದರೆ ಈ ಟ್ರೇಸ್ ಅನ್ನು ಬರೆದಿಡಲಾಗುತ್ತಿದೆ ಎಂದು ಅರ್ಥ, 00 ಇದ್ದರೆ ಇಲ್ಲ. ಹಳೆಯ ಜಿಪ್‌ಕಿನ್ ಬಳಗದ ಸೇವೆಗಳು ಬಿ3 ಎಂಬ ಬೇರೆ ಹೆಡರ್‌ಗಳನ್ನು ಬಳಸುತ್ತವೆ. ಅಂಥ ಸೇವೆ ನಿಮ್ಮ ದಾರಿಯಲ್ಲಿದ್ದರೆ ಲೈಬ್ರರಿಗೆ ಎರಡನ್ನೂ ಓದಿ ಎರಡನ್ನೂ ಬರೆಯುವಂತೆ ಹೇಳಬಹುದು.

ಟ್ರೇಸ್ ನಡುವೆಯೇ ತುಂಡಾಗುತ್ತಿದೆ. ಏನು ಮಾಡಬೇಕು?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಈ ಕೆಲಸದ ಜೀವಾಳವೂ ಇಲ್ಲಿಯೇ ಇದೆ. ಎಷ್ಟು ಸ್ಪ್ಯಾನ್ ಸಂಗ್ರಹಿಸಿದಿರಿ, ಎಷ್ಟು ಚೆಂದದ ಪರದೆಯಲ್ಲಿ ನೋಡುತ್ತೀರಿ ಎಂಬುದೆಲ್ಲ ಆಮೇಲಿನ ಮಾತು. ಗುರುತು ಒಂದು ಕೈಯಿಂದ ಇನ್ನೊಂದು ಕೈಗೆ ತಪ್ಪದೆ ದಾಟುತ್ತಿದೆಯೇ ಎಂಬುದೇ ಮೊದಲ ಮಾತು. ಚೀಟಿ ಕಳಚಿಬಿದ್ದ ಚೀಲ ಯಾರದೆಂದು ಹೇಳಲಾಗದು. ಅದನ್ನು ಎಷ್ಟು ಕರಾರುವಾಕ್ಕಾಗಿ ತೂಗಿದರೂ ಪ್ರಯೋಜನವಿಲ್ಲ.

ಎರಡು ಕಡೆ ದಾರ ಕಡಿಯುತ್ತದೆ. ಒಂದು, ಸೇವೆ ಮತ್ತು ಸೇವೆಯ ನಡುವೆ. ಮಧ್ಯದಲ್ಲಿ ಕುಳಿತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿ ತನಗೆ ಗೊತ್ತಿಲ್ಲದ ಹೆಡರ್‌ಗಳನ್ನು ತೆಗೆದುಹಾಕುತ್ತಿರಬಹುದು, ಅಥವಾ ನೀವು ಬಳಸುವ ಎಚ್‌ಟಿಟಿಪಿ ಕ್ಲೈಂಟ್‌ಗೆ ಲೈಬ್ರರಿಯ ಬೆಂಬಲ ಇಲ್ಲದೆ ಹೆಡರ್ ಸೇರದೇ ಇರಬಹುದು. ಇದನ್ನು ಪತ್ತೆ ಮಾಡುವುದು ಸುಲಭ: ಕರೆಸಿಕೊಳ್ಳುವ ಸೇವೆಯಲ್ಲಿ ಬಂದ ಹೆಡರ್‌ಗಳನ್ನೆಲ್ಲ ಒಮ್ಮೆ ಮುದ್ರಿಸಿ, ಆ 55 ಅಕ್ಷರ ಇವೆಯೇ ಎಂದು ಕಣ್ಣಾರೆ ನೋಡಿ.

ಇನ್ನೊಂದು, ಒಂದೇ ಪ್ರೋಗ್ರಾಂನ ಒಳಗೆ. ಇದು ಕಷ್ಟದ್ದು. ‘ಈಗ ನಡೆಯುತ್ತಿರುವ ಸ್ಪ್ಯಾನ್ ಯಾವುದು’ ಎಂಬುದನ್ನು ಲೈಬ್ರರಿ ಎಲ್ಲೋ ಒಂದು ಕಡೆ ನೆನಪಿಟ್ಟುಕೊಳ್ಳಬೇಕು. ಜಾವಾದಲ್ಲಿ ಅದು ಸಾಮಾನ್ಯವಾಗಿ ಥ್ರೆಡ್‌ಗೆ (ಪ್ರೋಗ್ರಾಂನೊಳಗೆ ಒಂದರ ಜೊತೆಗೊಂದು ಸಾಗುವ ಕೆಲಸದ ಎಳೆಗೆ) ಅಂಟಿಕೊಂಡಿರುತ್ತದೆ. ಕೆಲಸವನ್ನು ನೀವು ಇನ್ನೊಂದು ಥ್ರೆಡ್‌ಗೆ ಒಪ್ಪಿಸಿದಾಗ ಗುರುತು ಹಳೆಯ ಥ್ರೆಡ್‌ನಲ್ಲೇ ಉಳಿದುಬಿಡುತ್ತದೆ. ಪ್ರೋಗ್ರಾಂ ಜೊತೆ ಸೇರಿಸುವ ಜಾವಾ ಏಜೆಂಟ್ (ಇದರ ಬಗ್ಗೆ ಮುಂದೆ ಹೇಳಿದ್ದೇವೆ) ಬಳಸುವವರಿಗೆ ಸಾಮಾನ್ಯ ಥ್ರೆಡ್ ಪೂಲ್‌ಗಳಲ್ಲಿ ಇದನ್ನು ಅದೇ ದಾಟಿಸಿಕೊಡುತ್ತದೆ, ಸ್ವಂತವಾಗಿ ಬರೆದ ಪೂಲ್‌ಗಳಲ್ಲಿ ಮಾತ್ರ ನೀವೇ ದಾಟಿಸಬೇಕು. ಪೈಥಾನ್‌ನಲ್ಲಿ ಭಾಷೆಯ ಜೊತೆಗೇ ಬರುವ ಕಾಂಟೆಕ್ಸ್ಟ್‌ವಾರ್ಸ್ ಮಾಡ್ಯೂಲ್ ಇದನ್ನು ಅಸಿಂಕ್ ಕೋಡ್‌ನಲ್ಲಿ ನೋಡಿಕೊಳ್ಳುತ್ತದೆ, ಆದರೆ ನೀವೇ ಹೊಸ ಥ್ರೆಡ್ ಹುಟ್ಟಿಸಿದರೆ ಕಾಂಟೆಕ್ಸ್ಟನ್ನು (ಆ ನೆನಪಿನ ಗಂಟನ್ನು) ಕೈಯಾರೆ ಒಯ್ಯುವುದು ಒಳ್ಳೆಯದು. ಗೋ ಭಾಷೆಯಲ್ಲಿ ಗುಟ್ಟೇ ಇಲ್ಲ: ಕಾಂಟೆಕ್ಸ್ಟ್ ಅನ್ನು ಪ್ರತಿ ಫಂಕ್ಷನ್‌ನ ಮೊದಲ ಆರ್ಗ್ಯುಮೆಂಟಾಗಿ ನೀವೇ ಕೊಡುತ್ತಾ ಹೋಗಬೇಕು. ಬರೆಯುವಾಗ ಬೇಸರವಾಗುತ್ತದೆ ನಿಜ. ಆದರೆ ಎಲ್ಲಿ ಕಡಿಯಿತೆಂದು ಕೋಡ್ ಓದಿದರೇ ತಿಳಿಯುತ್ತದೆ. ನಡುವೆ ಯಾರಾದರೂ ಹೊಸ ಖಾಲಿ ಕಾಂಟೆಕ್ಸ್ಟ್ ಹುಟ್ಟಿಸಿದ್ದರೆ, ನಿಮ್ಮ ಟ್ರೇಸ್ ಅಲ್ಲಿಗೆ ನಿಂತಿತು.

ಒಂದು ಸಲಹೆ: ಪ್ರತಿ ಲಾಗ್ ಸಾಲಿನಲ್ಲೂ ಟ್ರೇಸ್‌ನ ಗುರುತನ್ನು ಮುದ್ರಿಸಿ. ಸಾಲಿನಿಂದ ಸಾಲಿಗೆ ಬರುವಾಗ ಗುರುತು ಎಲ್ಲಿ ಬರೀ ಸೊನ್ನೆಗಳಾಯಿತೋ ಅದೇ ಕಡಿದ ಜಾಗ.

ಕೆಲಸವನ್ನು ಕ್ಯೂಗೆ ಹಾಕಿ ಆಮೇಲೆ ಮಾಡಿದರೆ ಅದು ಅದೇ ಟ್ರೇಸ್ ಆಗುತ್ತದೆಯೇ?

ಆಗಬಹುದು. ಸಂದೇಶ ಕಳುಹಿಸುವವರು ಅದರ ಹೆಡರ್‌ನಲ್ಲಿ ಗುರುತನ್ನು ಇಟ್ಟರೆ, ತೆಗೆದುಕೊಳ್ಳುವವರು ಅದೇ ಟ್ರೇಸನ್ನು ಮುಂದುವರಿಸಬಹುದು. ಆದರೆ ನಮ್ಮ ಪಾವತಿ ಸೇವೆ ಐವತ್ತು ರಸೀದಿಗಳನ್ನು ಒಟ್ಟಿಗೆ ಎತ್ತಿಕೊಂಡು ಬ್ಯಾಂಕಿಗೆ ಒಂದೇ ಕಡತ ಕಳುಹಿಸುತ್ತದೆ. ಆ ಒಂದು ಸ್ಪ್ಯಾನ್‌ಗೆ ಐವತ್ತು ತಾಯಂದಿರು ಇರಲು ಸಾಧ್ಯವಿಲ್ಲ. ಅಲ್ಲಿ ಹೊಸ ಟ್ರೇಸ್ ಶುರುಮಾಡಿ, ಐವತ್ತಕ್ಕೂ ಒಂದೊಂದು ‘ಲಿಂಕ್’ (ಆ ಟ್ರೇಸ್‌ನ ಕಡೆ ಬೆರಳು ತೋರಿಸುವ ಗುರುತು) ಕೊಡುವುದು ಸರಿಯಾದ ಕ್ರಮ.

ಇದನ್ನು ಸೇರಿಸಿದರೆ ನನ್ನ ಅಪ್ಲಿಕೇಶನ್ ಇನ್ನಷ್ಟು ನಿಧಾನವಾಗುವುದಿಲ್ಲವೇ?

ಈ ಭಯ ನ್ಯಾಯವಾದದ್ದೇ. ಅಳೆಯಲು ಬಂದದ್ದೇ ಭಾರವಾದರೆ ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಲೈಬ್ರರಿ ಮುಗಿದ ಸ್ಪ್ಯಾನ್‌ಗಳನ್ನು ಆಗಿಂದಾಗಲೇ ಹೊರಗೆ ಕಳುಹಿಸದೆ ಮೆಮೊರಿಯಲ್ಲಿ ಒಂದು ಸಾಲಿನಲ್ಲಿ ಇಟ್ಟುಕೊಂಡು, ಹಿನ್ನೆಲೆಯಲ್ಲಿ ಕಂತುಕಂತಾಗಿ ಕಳುಹಿಸುತ್ತದೆ. ನಾವೇನೂ ಬದಲಿಸದಿದ್ದರೆ ಆ ಸಾಲಿನಲ್ಲಿ 2,048 ಸ್ಪ್ಯಾನ್‌ಗಳಿಗೆ ಜಾಗ. ಒಂದು ಕಂತಿನಲ್ಲಿ ಹೆಚ್ಚೆಂದರೆ 512. ಕಂತು ತುಂಬದಿದ್ದರೂ 5 ಸೆಕೆಂಡಿಗೊಮ್ಮೆ ರವಾನೆ. ಕೋರಿಕೆಗೆ ಉತ್ತರ ಕೊಡುವ ದಾರಿಯಲ್ಲಿ ಈ ರವಾನೆಯ ಕಾಯುವಿಕೆ ಸೇರುವುದೇ ಇಲ್ಲ.

ಪ್ರತಿ ಸ್ಪ್ಯಾನನ್ನೂ ಮುಗಿದ ತಕ್ಷಣ ಕಳುಹಿಸುವ ಸರಳ ಪ್ರೊಸೆಸರ್ ಒಂದೂ ಲೈಬ್ರರಿಯಲ್ಲಿದೆ. ಕಲಿಯುವಾಗ ಅದು ಅನುಕೂಲ. ಅದನ್ನೇ ಮರೆತು ನಿಜವಾದ ಸರ್ವರ್‌ಗೆ ಏರಿಸಿ, ‘ಟ್ರೇಸಿಂಗ್ ಹಾಕಿದ ಮೇಲೆ ನಿಧಾನವಾಯಿತು’ ಎಂದು ನಮ್ಮಲ್ಲಿ ದೂರಿದವರಿದ್ದಾರೆ. ಮೊದಲು ಅದನ್ನು ನೋಡಿಕೊಳ್ಳಿ. ಎರಡನೆಯದಾಗಿ, ಸಾವಿರಾರು ಬಾರಿ ಸುತ್ತುವ ಲೂಪ್‌ನ ಒಳಗೆ ಸ್ಪ್ಯಾನ್ ತೆರೆಯಬೇಡಿ. ಲೂಪ್‌ಗೆ ಹೊರಗಿನಿಂದ ಒಂದು ಸ್ಪ್ಯಾನ್ ಸಾಕು.

ಮಳೆಗಾಲದಲ್ಲಿ ನೆಟ್ ಹೋದರೆ ಸ್ಪ್ಯಾನ್‌ಗಳ ಗತಿ ಏನು?

ಜೂನ್ ಬಂತೆಂದರೆ ಮರ ಬಿದ್ದು ತಂತಿ ಹರಿಯುವುದು ನಮ್ಮ ಕಡೆ ಹೊಸದಲ್ಲ. ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆ ಸರ್ವರ್ ಇಟ್ಟುಕೊಂಡವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ರವಾನೆ ನಿಂತಾಗ ಮೇಲೆ ಹೇಳಿದ ಸಾಲು ತುಂಬುತ್ತದೆ. ತುಂಬಿದ ಮೇಲೆ ಬರುವ ಸ್ಪ್ಯಾನ್‌ಗಳನ್ನು ಲೈಬ್ರರಿ ಎಸೆಯುತ್ತದೆ. ಕೋರಿಕೆಗಳನ್ನು ತಡೆದು ನಿಲ್ಲಿಸುವುದಿಲ್ಲ, ಮೆಮೊರಿಯನ್ನು ಊದಿಸಿ ಪ್ರೋಗ್ರಾಂ ಬೀಳಿಸುವುದಿಲ್ಲ. ತನ್ನ ಮಾಹಿತಿ ಹೋದರೂ ಸರಿ, ಚೀಲ ತೂಗುವ ಕೆಲಸ ನಿಲ್ಲಬಾರದು ಎಂಬ ಈ ನಿರ್ಧಾರವನ್ನು ನಾವು ಮನಸಾರೆ ಒಪ್ಪುತ್ತೇವೆ.

ಲೆಕ್ಕ ಮಾತ್ರ ತಿಳಿದಿರಲಿ. ಸೆಕೆಂಡಿಗೆ 100 ಕೋರಿಕೆ, ಒಂದೊಂದಕ್ಕೂ 20 ಸ್ಪ್ಯಾನ್ ಎಂದರೆ 2,000. ರವಾನೆ ನಿಂತ ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ ಸಾಲು ತುಂಬಿತು. ಇದಕ್ಕೆ ಪರಿಹಾರ ಸಾಲನ್ನು ಹಿಗ್ಗಿಸುವುದಲ್ಲ, ಕಲೆಕ್ಟರ್ ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ಅದೇ ಯಂತ್ರದಲ್ಲಿ ನಡೆಸುವುದು. ಅಪ್ಲಿಕೇಶನ್ ಪಕ್ಕದಲ್ಲೇ ಇರುವ ಕಲೆಕ್ಟರ್‌ಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಳುಹಿಸುವ ರೀತಿ ಜಿಆರ್‌ಪಿಸಿ ಆದರೆ 4317, ಎಚ್‌ಟಿಟಿಪಿ ಆದರೆ 4318ನೇ ಪೋರ್ಟ್. ಹೊರಗಿನ ದಾರಿ ತೆರೆಯುವವರೆಗೆ ಕಾದು ಮತ್ತೆ ಮತ್ತೆ ಪ್ರಯತ್ನಿಸುವುದು ಕಲೆಕ್ಟರ್‌ನ ಹೊಣೆ, ಮತ್ತು ಅದರ ಸಾಲನ್ನು ಡಿಸ್ಕಿನ ಮೇಲೆ ಇಡುವಂತೆ ಹೊಂದಿಸಿದರೆ ಕರೆಂಟ್ ಹೋಗಿ ಬಂದರೂ ಅಷ್ಟು ಮಾಹಿತಿ ಉಳಿದಿರುತ್ತದೆ.

ಎಲ್ಲ ಟ್ರೇಸ್‌ಗಳನ್ನೂ ಇಟ್ಟುಕೊಳ್ಳಬೇಕೇ? ಸ್ಯಾಂಪ್ಲಿಂಗ್ (ಕೆಲವನ್ನು ಮಾತ್ರ ಆರಿಸಿ ಇಡುವುದು) ಎಷ್ಟಿರಬೇಕು?

ನಿಮ್ಮ ಕೋರಿಕೆಗಳ ಪ್ರಮಾಣವನ್ನು ನೋಡಿಕೊಂಡು ನಿರ್ಧರಿಸಿ. ದೊಡ್ಡವರು ಮಾಡಿದ್ದನ್ನು ನೋಡಿಕೊಂಡಲ್ಲ. ಡ್ಯಾಪರ್‌ನ ಮೊದಲ ಆವೃತ್ತಿ 1,024 ಕೋರಿಕೆಗಳಲ್ಲಿ ಒಂದನ್ನು ಮಾತ್ರ ಹಿಡಿಯುತ್ತಿತ್ತು, ಮತ್ತು ಗೂಗಲ್‌ನ ಹುಡುಕಾಟದಂಥ ಸೇವೆಗೆ ಅದೇ ಬೇಕಾದಷ್ಟಾಯಿತು. ದಿನಕ್ಕೆ ಕೆಲವು ಸಾವಿರ ಕೋರಿಕೆ ಬರುವ ನಮ್ಮಂಥವರು ಆ ಅಳತೆ ಹಿಡಿದರೆ ಸಂಜೆಗೆ ಕೈಯಲ್ಲಿ ನಾಲ್ಕೈದು ಟ್ರೇಸ್ ಉಳಿಯುತ್ತವೆ, ತೊಂದರೆಯಾದದ್ದು ಅವುಗಳಲ್ಲಿ ಇರುವುದೇ ಇಲ್ಲ. ನಾವು ಎಲ್ಲವನ್ನೂ ಇಟ್ಟುಕೊಳ್ಳುತ್ತೇವೆ.

ಪ್ರಮಾಣ ಹೆಚ್ಚಿದವರಿಗೆ ಎರಡು ದಾರಿ. ಕೋರಿಕೆ ಶುರುವಾಗುವಾಗಲೇ ಚೀಟಿ ಎತ್ತಿದಂತೆ ತೀರ್ಮಾನಿಸುವುದು ಒಂದು. ಆ ತೀರ್ಮಾನ ಹೆಡರ್‌ನ ಕೊನೆಯ ಎರಡು ಅಕ್ಷರದಲ್ಲಿ ಮುಂದಿನವರಿಗೂ ತಿಳಿಯುತ್ತದೆ, ಮತ್ತು ಮುಂದಿನವರು ಅದನ್ನು ಪಾಲಿಸುವಂತೆ ಹೊಂದಿಸಬೇಕು, ಇಲ್ಲವಾದರೆ ಅರ್ಧರ್ಧ ಟ್ರೇಸ್‌ಗಳು ಉಳಿಯುತ್ತವೆ. ಇದು ಅಗ್ಗ, ಆದರೆ ಯಾವ ಕೋರಿಕೆ ಕೆಡುತ್ತದೆಂದು ಆರಂಭದಲ್ಲಿ ಯಾರಿಗೆ ಗೊತ್ತು? ಪೂರ್ತಿ ಮುಗಿದ ಮೇಲೆ ನೋಡಿ, ದೋಷವಿದ್ದವನ್ನೂ ಎರಡು ಸೆಕೆಂಡ್ ಮೀರಿದವನ್ನೂ ಇಟ್ಟುಕೊಂಡು ಮಿಕ್ಕದ್ದನ್ನು ಬಿಡುವುದು ಇನ್ನೊಂದು. ಇದನ್ನು ಲೈಬ್ರರಿಯಲ್ಲಿ ಅಲ್ಲ, ಕಲೆಕ್ಟರ್‌ನಲ್ಲಿ ಮಾಡುತ್ತಾರೆ. ತೀರ್ಮಾನವಾಗುವವರೆಗೆ ಎಲ್ಲವನ್ನೂ ಮೆಮೊರಿಯಲ್ಲಿ ಹಿಡಿದಿಡಬೇಕು, ಒಂದು ಟ್ರೇಸ್‌ನ ಎಲ್ಲ ಸ್ಪ್ಯಾನ್‌ಗಳೂ ಒಂದೇ ಕಲೆಕ್ಟರ್‌ಗೆ ಬರಬೇಕು. ಫಲ ಒಳ್ಳೆಯದು, ನಿಭಾಯಿಸುವ ಶ್ರಮವೂ ಜಾಸ್ತಿ.

ಕೋಡ್ ಮುಟ್ಟದೆಯೇ ಟ್ರೇಸಿಂಗ್ ಸಾಧ್ಯವಂತೆ, ಹೌದೇ?

ಹೌದು. ಜಾವಾ, ಪೈಥಾನ್, ನೋಡ್‌ನಂಥ ಭಾಷೆಗಳಲ್ಲಿ ಪ್ರೋಗ್ರಾಂ ಶುರುಮಾಡುವ ಆಜ್ಞೆಗೆ ಒಂದು ಏಜೆಂಟ್ ಸೇರಿಸಿದರೆ ಎಚ್‌ಟಿಟಿಪಿ, ಡೇಟಾಬೇಸ್, ಕ್ಯೂಗಳ ಸ್ಪ್ಯಾನ್‌ಗಳು ತಾವಾಗಿ ಬರುತ್ತವೆ. ನೋಡ್‌ನಲ್ಲಿ ಅದು ಬೇರೆಲ್ಲ ಮಾಡ್ಯೂಲ್‌ಗಳಿಗಿಂತ ಮೊದಲು ಲೋಡ್ ಆಗಬೇಕು. ಮೊದಲ ದಿನ ಇದರಿಂದಲೇ ಶುರುಮಾಡಿ. ನಿಮ್ಮ ವ್ಯವಹಾರದ ಹಂತಗಳು, ಅಂದರೆ ‘ಔಟ್‌ಟರ್ನ್ ಲೆಕ್ಕ’, ‘ದರ ನಿಗದಿ’ಯಂಥವು ಅದಕ್ಕೆ ತಿಳಿಯುವುದಿಲ್ಲ, ಅಂಥ ನಾಲ್ಕೈದು ಕಡೆ ಕೈಯಾರೆ ಸ್ಪ್ಯಾನ್ ಸೇರಿಸಿದರೆ ಸಾಕು.

ಸ್ಪ್ಯಾನ್‌ನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು?

ಹೆಸರು ಕೆಲಸದ ಬಗೆಯನ್ನು ಹೇಳಬೇಕು. ‘ರಸೀದಿ ತೋರಿಸು’ ಸರಿ. ‘48213ನೇ ರಸೀದಿ ತೋರಿಸು’ ತಪ್ಪು, ಏಕೆಂದರೆ ಪ್ರತಿ ರಸೀದಿಗೂ ಒಂದು ಹೊಸ ಹೆಸರಾಗಿ, ಒಂದೇ ಬಗೆಯ ಕೆಲಸಗಳನ್ನು ಒಟ್ಟಿಗೆ ಹೋಲಿಸಲು ಆಗದಂತಾಗುತ್ತದೆ. ರಸೀದಿಯ ಸಂಖ್ಯೆ ವಿವರಗಳ ಜಾಗಕ್ಕೆ ಹೋಗಲಿ. ಅಂಥ ವಿವರಗಳಿಗೆ ಒಂದು ಸ್ಪ್ಯಾನ್‌ನಲ್ಲಿ ಸಾಮಾನ್ಯವಾಗಿ 128ರ ಮಿತಿಯಿದೆ, ಅಷ್ಟನ್ನು ಮುಟ್ಟುವ ಅಗತ್ಯ ನಮಗೆ ಎಂದೂ ಬಂದಿಲ್ಲ.

ಬರೆಯಬಾರದ್ದರ ಬಗ್ಗೆ ನಾವು ಕಟ್ಟುನಿಟ್ಟು. ಬೆಳೆಗಾರರ ಫೋನ್ ನಂಬರ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಅವರಿಗೆ ಕೊಟ್ಟ ಹಣದ ಮೊತ್ತ, ಇವುಗಳಲ್ಲಿ ಒಂದೂ ಸ್ಪ್ಯಾನ್‌ಗೆ ಹೋಗಕೂಡದು. ಡೇಟಾಬೇಸ್‌ಗೆ ಇರುವಷ್ಟು ಕಾವಲು ಟ್ರೇಸ್‌ಗಳ ಸಂಗ್ರಹಕ್ಕೆ ಇರುವುದಿಲ್ಲ. ತಂಡದ ಎಲ್ಲರೂ ಅದನ್ನು ತೆರೆದು ನೋಡುತ್ತಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ ಎಂಬುದೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ತಮ್ಮ ಫಸಲಿನ ಲೆಕ್ಕವನ್ನು ನಂಬಿ ನಮ್ಮ ಕೈಗೆ ಕೊಟ್ಟವರು ಅವರು. ತಾನಾಗಿ ಬರುವ ಡೇಟಾಬೇಸ್ ಸ್ಪ್ಯಾನ್‌ಗಳಲ್ಲಿ ಪ್ರಶ್ನೆಯ ಪಠ್ಯ ಬರುವುದುಂಟು, ಅದರೊಳಗೆ ಮೊತ್ತಗಳು, ಹೆಸರುಗಳು ನುಸುಳಿವೆಯೇ ಎಂದು ಮೊದಲ ವಾರದಲ್ಲೇ ಪರೀಕ್ಷಿಸಿ; ಇದ್ದರೆ ಕಲೆಕ್ಟರ್‌ನಲ್ಲಿ ಅಳಿಸಿಹಾಕಬಹುದು. ‘ಬ್ಯಾಗೇಜ್’ ಎಂಬ ಇನ್ನೊಂದು ಹೆಡರ್‌ನಲ್ಲಿ ಇಟ್ಟದ್ದು ನೀವು ಕರೆಯುವ ಹೊರಗಿನ ಸೇವೆಗಳಿಗೂ ತಲುಪಬಹುದು ಎಂಬುದನ್ನು ಮರೆಯಬೇಡಿ.

ಮಗು ಸ್ಪ್ಯಾನ್ ತಾಯಿಗಿಂತ ಮೊದಲೇ ಶುರುವಾದಂತೆ ಕಾಣುತ್ತಿದೆ. ಇದು ಹೇಗೆ ಸಾಧ್ಯ?

ಎರಡು ಯಂತ್ರಗಳ ಗಡಿಯಾರಗಳು ಹೊಂದಿಕೆಯಾಗಿಲ್ಲ. ಒಂದು ಸ್ಪ್ಯಾನ್ ಎಷ್ಟು ಹೊತ್ತು ನಡೆಯಿತೆಂಬ ಅಳತೆ ಒಂದೇ ಯಂತ್ರದ ಗಡಿಯಾರದ್ದು, ಅದನ್ನು ನಂಬಬಹುದು. ಎರಡು ಯಂತ್ರಗಳ ಸ್ಪ್ಯಾನ್‌ಗಳ ನಡುವಿನ ಸಂದು ಕೆಲವು ಮಿಲಿಸೆಕೆಂಡಿನದಾದರೆ ಅದರ ಮೇಲೆ ತೀರ್ಪು ಕೊಡಬೇಡಿ. ಎಲ್ಲ ಯಂತ್ರಗಳಲ್ಲೂ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಓಡುತ್ತಿದೆಯೇ ನೋಡಿ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಅದು ಗಡಿಯಾರದ ತಪ್ಪಲ್ಲ, ಯಾರೋ ಭಾರತೀಯ ಸಮಯವನ್ನು ಯುಟಿಸಿ ಎಂದು ಕೈಯಾರೆ ಬರೆದಿದ್ದಾರೆ.

ಸರಾಸರಿ ವಿಳಂಬ ಚೆನ್ನಾಗಿಯೇ ಇದೆ. ಆದರೂ ಜನ ನಿಧಾನ ಎನ್ನುತ್ತಾರಲ್ಲ?

ಜನ ಹೇಳುವುದೇ ಸರಿ. ತೊಂಬತ್ತೊಂಬತ್ತು ಕೋರಿಕೆ 100 ಮಿಲಿಸೆಕೆಂಡಿನಲ್ಲಿ ಮುಗಿದು, ಒಂದು 10 ಸೆಕೆಂಡ್ ಹಿಡಿದರೆ, ಸರಾಸರಿ 200 ಮಿಲಿಸೆಕೆಂಡ್ ಕೂಡ ಆಗುವುದಿಲ್ಲ. ಆ ಹತ್ತು ಸೆಕೆಂಡ್ ಕಾದವರಿಗೆ ನಿಮ್ಮ ಸರಾಸರಿಯಿಂದ ಆಗಬೇಕಾದ್ದೇನೂ ಇಲ್ಲ. ವಿಳಂಬಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನೂರರಲ್ಲಿ ತೊಂಬತ್ತೈದನೆಯದು ಎಷ್ಟು, ತೊಂಬತ್ತೊಂಬತ್ತನೆಯದು ಎಷ್ಟು ಎಂದು ನೋಡಬೇಕು. ಸೇವೆಗಳು ಹೆಚ್ಚಿದಂತೆ ಇದು ಇನ್ನೂ ಮುಖ್ಯವಾಗುತ್ತದೆ. ಒಂದೊಂದು ಸೇವೆಯೂ ನೂರಕ್ಕೊಮ್ಮೆ ಮಾತ್ರ ತಡಮಾಡಿದರೂ, ಹತ್ತು ಸೇವೆಗಳನ್ನು ಹಾದುಹೋಗುವ ಕೋರಿಕೆಗಳಲ್ಲಿ ನೂರಕ್ಕೆ ಹೆಚ್ಚುಕಡಿಮೆ ಹತ್ತು ತಡವಾಗುತ್ತವೆ. ಅಂಥ ಹತ್ತು ಟ್ರೇಸ್‌ಗಳನ್ನು ಆರಿಸಿ ಒಂದೊಂದಾಗಿ ತೆರೆದು ನೋಡುವುದಕ್ಕೆ ಅರ್ಧ ಗಂಟೆ ಕೊಡಿ.

ರಾತ್ರಿ ಓಡುವ ಲೆಕ್ಕದ ಪ್ರೋಗ್ರಾಂನಿಂದ ಒಂದೂ ಸ್ಪ್ಯಾನ್ ಬರುತ್ತಿಲ್ಲ. ಹಗಲಿನ ಸೇವೆಗಳೆಲ್ಲ ಸರಿಯಾಗಿವೆ.

ಪ್ರೋಗ್ರಾಂ ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಹೊರಟುಹೋಗುತ್ತದೆ, ಲೈಬ್ರರಿ ಕಂತು ಕಳುಹಿಸುವುದು ಐದು ಸೆಕೆಂಡಿಗೊಮ್ಮೆ. ಮುಗಿಯುವ ಮುನ್ನ ಲೈಬ್ರರಿಯ ಟ್ರೇಸರ್ ಪ್ರೊವೈಡರ್ ಎಂಬ ಭಾಗದ ಶಟ್‌ಡೌನ್ ಅನ್ನು ಕರೆದರೆ ಉಳಿದದ್ದನ್ನೆಲ್ಲ ಕಳುಹಿಸಿಯೇ ಅದು ಮುಚ್ಚುತ್ತದೆ. ದೋಷ ಬಂದು ನಡುವೆಯೇ ಹೊರಬೀಳುವ ದಾರಿಯಲ್ಲೂ ಆ ಕರೆ ಇರಬೇಕು, ಏಕೆಂದರೆ ನಿಮಗೆ ನೋಡಬೇಕಾದ ಸ್ಪ್ಯಾನ್ ಇರುವುದೇ ಅಲ್ಲಿ. ಕಂಟೇನರ್‌ಗಳಲ್ಲಿ ಓಡಿಸುವವರು ನಿಲ್ಲಿಸುವ ಸೂಚನೆ ಬಂದ ಮೇಲೆ ಸಿಗುವ ಅವಧಿಯನ್ನು ನೆನಪಿಡಿ: ನೀವೇನೂ ಬದಲಿಸದಿದ್ದರೆ ಡಾಕರ್ 10 ಸೆಕೆಂಡ್, ಕುಬರ್ನೆಟಿಸ್ 30 ಸೆಕೆಂಡ್ ಕಾದು ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲುತ್ತದೆ. ಲೈಬ್ರರಿಯ ರವಾನೆಗೆ ಇರುವ ಗಡುವೂ 30 ಸೆಕೆಂಡೇ ಆದ್ದರಿಂದ, ಅದನ್ನು ಐದಕ್ಕೋ ಎಂಟಕ್ಕೋ ಇಳಿಸಿಕೊಳ್ಳಿ.